ಗುಲಬಾಕ್ಷಿಯೂ ನನ್ನ ಕೈಗುಣವೂ

ಕೈಗುಣ ಎಂಬ ಮಾತನ್ನು ನಮ್ಮ ಕಡೆ ಡಾಕ್ಟರರಿಗೂ ಹೇಳುತ್ತಾರೆ, ಉಪ್ಪಿನಕಾಯಿ ಹಾಕುವವರಿಗೂ ಹೇಳುತ್ತಾರೆ, ಗಿಡ ಹಚ್ಚುವವರಿಗೂ ಹೇಳುತ್ತಾರೆ. ಗುಳಿಗೆ ಅದೇ, ಉಪ್ಪು ಅದೇ, ಮಣ್ಣು ಅದೇ. ಆದರೂ ಒಬ್ಬರ ಕೈಯಲ್ಲಿ ಹತ್ತುತ್ತದೆ, ಇನ್ನೊಬ್ಬರ ಕೈಯಲ್ಲಿ ಹತ್ತುವುದಿಲ್ಲ. ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಗಿಡಗಳ ಮಟ್ಟಿಗೆ ನನ್ನದು ಹತ್ತದ ಕೈ. ನನ್ನ ಹೆಸರು ವನಮಾಲಾ ಎಂಬುದು ಸಂಗತಿಯನ್ನು ಇನ್ನಷ್ಟು ಕೆಡಿಸಿದೆ. ಹೆಸರಿಟ್ಟ ಅಜ್ಜನಿಗೆ ಮುಂದಾಗುವುದು ಗೊತ್ತಿದ್ದರೆ ಸೀತಾ ಎಂದೋ ಗೀತಾ ಎಂದೋ ಕೂಗಿ ಮುಗಿಸುತ್ತಿದ್ದ. ನಮ್ಮದು ವೈಷ್ಣವರ ಮನೆ, ತುಳಸಿ ಇಲ್ಲದೆ ಬೆಳಗಾಗುವುದಿಲ್ಲ. ಮದುವೆಯಾಗಿ ಸೇಡಂಗೆ ಬಂದ ಮೇಲೆ ನಾನು ನೀರೆರೆದ ತುಳಸಿಗಳು ಒಂದಾದ ಮೇಲೊಂದು ಒಣಗಿದವು; ಒಣಗದವು ಕೊಳೆತವು. ಕೊನೆಗೆ ನಮ್ಮ ಯಜಮಾನರು, ಜಗಳವೆಂದರೆ ಮಾರು ದೂರ ಸರಿಯುವ ಮನುಷ್ಯ, ಒಂದು ಬೆಳಿಗ್ಗೆ ತಂಬಿಗೆಯನ್ನು ನನ್ನ ಕೈಯಿಂದ ಮೆಲ್ಲಗೆ ಇಸಿದುಕೊಂಡು, ಪ್ರದಕ್ಷಿಣೆ ನೀನು ಹಾಕು, ನೀರು ನಾನು ಹಾಕುತ್ತೇನೆ ಎಂದರು. ಅಂದಿನಿಂದ ತುಳಸಿ ಹುಲುಸಾಗಿದೆ. ಪುಣ್ಯವನ್ನು ಇಬ್ಬರೂ ಹಂಚಿಕೊಂಡಿದ್ದೇವೆ.

ಇಂಥ ಕೈಯವರಿಗಾಗಿಯೂ ದೇವರು ಒಂದು ಗಿಡ ಮಾಡಿಟ್ಟಿದ್ದಾನೆ. ಅದೇ ಗುಲಬಾಕ್ಷಿ. ಬೆಂಗಳೂರು ಕಡೆಯವರು ಸಂಜೆಮಲ್ಲಿಗೆ ಅನ್ನುತ್ತಾರಂತೆ, ಕುಂಚಾವರಂ ಕಡೆಯ ತೆಲುಗಿನವರು ಚಂದ್ರಕಾಂತ ಅನ್ನುತ್ತಾರೆ. ಇಷ್ಟೆಲ್ಲ ಹೆಸರಿದ್ದರೂ ಅದಕ್ಕೆ ಒಂದಿಷ್ಟೂ ಜಂಬವಿಲ್ಲ. ಗಟಾರದ ಬದಿಗೆ, ಬಚ್ಚಲ ನೀರು ಹರಿಯುವಲ್ಲಿ, ಬಿದ್ದ ಗೋಡೆಯ ಸಂದಿಯಲ್ಲಿ, ಎಲ್ಲಿ ಜಾಗ ಕೊಟ್ಟರೆ ಅಲ್ಲಿ ಕುಳಿತುಕೊಳ್ಳುತ್ತದೆ. ಒಮ್ಮೆ ಬೇರು ಬಿಟ್ಟಿತೆಂದರೆ ನೆಲದೊಳಗೆ ದಪ್ಪ ಮೂಲಂಗಿಯಂಥ ಗಡ್ಡೆ ಕಟ್ಟುತ್ತದೆ. ನಮ್ಮ ಕಡೆಯ ಬೇಸಿಗೆ ಗೊತ್ತೇ ಇದೆಯಲ್ಲ, ಕಾಗೆ ಕೂಡ ನೆರಳು ನೋಡಿ ಹಾರುವ ಬಿಸಿಲು. ಆ ಬಿಸಿಲಿಗೆ ಮೇಲಿನದೆಲ್ಲ ಒಣಗಿ ಕಡ್ಡಿಯಾದರೂ ಗಡ್ಡೆ ಒಳಗೆ ತಣ್ಣಗೆ ಮಲಗಿರುತ್ತದೆ, ಮೊದಲ ಮಳೆ ಬಿದ್ದೊಡನೆ ಎದ್ದು ಬರುತ್ತದೆ. ಗೊಬ್ಬರ ಕೇಳುವುದಿಲ್ಲ, ಔಷಧಿ ಕೇಳುವುದಿಲ್ಲ. ಒಂದೇ ಒಂದು ಹಟ ಅದರದ್ದು. ಇಡೀ ದಿನ ಮೊಗ್ಗು ಮುಚ್ಚಿಕೊಂಡಿದ್ದು ಹೊತ್ತು ಇಳಿದ ಮೇಲಷ್ಟೇ ಅರಳುತ್ತದೆ. ಯಾರು ಬಂದರೂ, ಯಾರು ಕಾದರೂ, ಅದರ ವೇಳೆ ಅದಕ್ಕೆ.

ಈ ಗಿಡದ ಜೊತೆ ನನ್ನ ಬಾಲ್ಯವೆಲ್ಲ ಹೆಣೆದುಕೊಂಡಿದೆ. ಅಪ್ಪ ವಾಡಿಯಲ್ಲಿ ರೈಲ್ವೆ ಗುಮಾಸ್ತರು. ಕ್ವಾರ್ಟರ್ಸಿನ ಉದ್ದನೆಯ ಸಾಲಿನಲ್ಲಿ ನಮ್ಮ ಪಕ್ಕದ ಮನೆ ಖೈರುನ್ ಖಾಲಾ ಅವರದು; ಖಾಲಾ ಎಂದರೆ ಚಿಕ್ಕಮ್ಮ. ಅವರ ಮಗಳು ಶಮೀಮ್ ಮತ್ತು ನಾನು ಒಂದೇ ಬೆಂಚು. ವಾಡಿಯಲ್ಲಿ ಆಗ ಎಲ್ಲದರ ಮೇಲೂ ಸಿಮೆಂಟ್ ಕಾರ್ಖಾನೆಯ ಧೂಳು. ಒಣಹಾಕಿದ ಬಟ್ಟೆ, ಹಪ್ಪಳ, ಬೇವಿನ ಎಲೆ, ಎಲ್ಲವೂ ಬೂದಿ ಬಣ್ಣ. ಬೆಳಿಗ್ಗೆ ಅರಳಿದ ದಾಸವಾಳ ಮಧ್ಯಾಹ್ನದ ಹೊತ್ತಿಗೆ ಮುದುಕಿಯಾಗುತ್ತಿತ್ತು. ಗುಲಬಾಕ್ಷಿ ಮಾತ್ರ ಹಗಲೆಲ್ಲ ಬಾಯಿ ಮುಚ್ಚಿಕೊಂಡಿದ್ದು ಸಂಜೆ ಸ್ವಚ್ಛವಾಗಿ ಅರಳುತ್ತಿದ್ದುದರಿಂದ ಇಡೀ ಸಾಲಿನಲ್ಲಿ ಬಣ್ಣ ಅಂತ ಕಾಣುತ್ತಿದ್ದುದು ಅದೊಂದೇ. ಅದರಲ್ಲೂ ಖಾಲಾ ಅವರ ಗಿಡ ಬೇರೆಯವರ ಮನೆಯದರಂತಲ್ಲ. ಒಂದೇ ಗಿಡದಲ್ಲಿ ಒಂದು ಹೂವು ಹಳದಿ, ಒಂದು ಕಡು ಗುಲಾಬಿಯ ರಾಣಿ ಬಣ್ಣ, ಮತ್ತೊಂದು ಅರ್ಧ ಹಳದಿ ಅರ್ಧ ರಾಣಿ. ನಾಳೆ ಯಾವುದು ಹೇಗೆ ಬರುತ್ತದೋ ಇವತ್ತು ಹೇಳಲಾಗದು. ಖಾಲಾ ಅದನ್ನು ‘ಆಧಾ ಆಧಾ’ ಅನ್ನುತ್ತಿದ್ದರು. ಅರ್ಧ ಅರ್ಧ ಎಂದರ್ಥ. ಸಾಲಿನವರಿಗೆಲ್ಲ ಅದೇ ಅದರ ಹೆಸರಾಗಿ, ಸಂಜೆ ಯಾರಾದರೂ ಗಂಟೆ ಎಷ್ಟಾಯಿತು ಎಂದು ಕೇಳಿದರೆ ಆಧಾ ಆಧಾ ಅರಳಿತೇನು ನೋಡು ಎನ್ನುವ ಮಟ್ಟಿಗೆ ಹೋಗಿತ್ತು.

ಅವ್ವನಿಗೆ ಮೊದಮೊದಲು ಈ ಹೂವಿನ ವಿಷಯದಲ್ಲಿ ಒಂದು ತಕರಾರಿತ್ತು. ನಮ್ಮಲ್ಲಿ ದೇವರ ಪೂಜೆ ಬೆಳಿಗ್ಗೆ, ಈ ಹೂವು ಏಳುವುದು ಸಂಜೆ; ಹೂವೆಂದ ಮೇಲೆ ದೇವರಿಗೆ ಬರಬೇಡವೇ? ಕೊನೆಗೆ ಅವ್ವನೇ ತೀರ್ಪು ಕೊಟ್ಟಳು. “ದೇವರಿಗೆ ಬರಂಗಿಲ್ಲ, ಹೆಣ್ಮಕ್ಕಳಿಗೆ ಬರ್ತದ.” ದೇವರ ಪಾಲು ತಪ್ಪಿದ್ದರಿಂದ ನಮ್ಮ ಪಾಲಿಗೆ ಪೂರ್ತಿ ಸಿಕ್ಕಿತು. ಗುಲಬಾಕ್ಷಿಯ ದಂಡೆಗೆ ದಾರ ಬೇಡ. ಹೂವಿನ ಉದ್ದನೆಯ ಕೊಳವೆಗಳನ್ನೇ ಒಂದರ ಮೇಲೊಂದು ಹಾಕಿ ಜಡೆಯಂತೆ ಹೆಣೆಯುತ್ತ ಹೋಗಬೇಕು. ಶಮೀಮಳ ಬೆರಳು ಅದರಲ್ಲಿ ಚುರುಕು. ನಾನು ಹೆಣೆದದ್ದು ಮುಡಿಯುವ ಮೊದಲೇ ಬಿಚ್ಚುತ್ತಿತ್ತು. ಕರಿ ಮೆಣಸಿನಂಥ ಬೀಜವನ್ನು ಕಲ್ಲಿನಿಂದ ಒಡೆದರೆ ಒಳಗೆ ಬೆಳ್ಳನೆಯ ಹಿಟ್ಟು. ಅದನ್ನು ಮುಖಕ್ಕೆ ಬಳಿದುಕೊಂಡು ಪೌಡರ್ ಹಾಕಿದೆವೆಂದು ಸಾಲಿನ ಈ ತುದಿಯಿಂದ ಆ ತುದಿಗೆ ಮೆರೆಯುತ್ತಿದ್ದೆವು. ಹೂವು ಬೇಗ ಅರಳಲಿ ಎಂದು ಮಧ್ಯಾಹ್ನವೇ ಗಿಡದ ಮೇಲೆ ಬುಟ್ಟಿ ಬೋರಲು ಹಾಕಿ, ಕತ್ತಲಾಯಿತೆಂದು ಅದನ್ನು ನಂಬಿಸಲು ನೋಡುತ್ತಿದ್ದೆವು. ಖಾಲಾ ಬಂದು ಬುಟ್ಟಿ ತೆಗೆದು, ಅದರ ಪಾಡಿಗೆ ಅದನ್ನು ಬಿಡಿ ಎಂದು ಗದರುತ್ತಿದ್ದರು. ಆ ಮಾತನ್ನು ಆಗಲೇ ಗಂಭೀರವಾಗಿ ತೆಗೆದುಕೊಂಡಿದ್ದರೆ ಇವತ್ತು ಈ ಪ್ರಬಂಧ ಬರೆಯುವ ಪ್ರಸಂಗ ಬರುತ್ತಿರಲಿಲ್ಲ.

ನಾನು ಒಂಬತ್ತನೆಯ ಇಯತ್ತೆ ಮುಗಿಸಿದಾಗ ಅಪ್ಪನಿಗೆ ಶಹಾಬಾದಕ್ಕೆ ವರ್ಗವಾಯಿತು. ಸಾಮಾನು ಲಾರಿಗೆ ಏರಿಸುವ ದಿನ ಖಾಲಾ ಒದ್ದೆ ಅರಿವೆಯಲ್ಲಿ ಸುತ್ತಿದ ಒಂದು ಗಡ್ಡೆಯನ್ನು ತಂದು, ಬೇರೆ ಯಾರಿಗೂ ಅಲ್ಲ, ನನ್ನ ಕೈಯಲ್ಲಿಟ್ಟರು. “ಇದನ್ನ ನಿನಗೇ ಕೊಡಾಕತ್ತೀನಿ ಬೇಟಿ, ಬ್ಯಾರೆ ಯಾರಿಗೂ ಕೊಟ್ಟಿಲ್ಲ” ಅಂದರು. ಅವ್ವನಿದ್ದಳು, ಅಕ್ಕನಿದ್ದಳು, ಹಿತ್ತಿಲಿನಲ್ಲಿ ಬೆವರು ಸುರಿಸುವ ಅಪ್ಪನಿದ್ದರು. ಅವರನ್ನೆಲ್ಲ ಬಿಟ್ಟು ನನಗೆ. ಆ ಹೆಮ್ಮೆ ಬಹಳ ವರ್ಷ ಇಳಿಯಲಿಲ್ಲ. ಮುಂದೆ ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸುವ ಬಾಯಿಯಾದೆ, ಟೀಚರಮ್ಮನಿಗೆ ನಮ್ಮ ಕಡೆ ಹಾಗೆನ್ನುತ್ತಾರೆ. ಹೆಸರು ನೋಡಿಯೋ ಏನೋ, ಪ್ರತಿ ವರ್ಷ ವನಮಹೋತ್ಸವದ ಭಾಷಣ ನನಗೇ ಬರುತ್ತದೆ. ಪ್ರತಿ ವರ್ಷವೂ ನಾನು ಈ ಕಥೆಯನ್ನು ಹೇಳಿ, ಮಕ್ಕಳೇ, ಒಬ್ಬರು ನಮ್ಮನ್ನು ನಂಬಿ ಒಂದು ಜೀವವನ್ನು ಕೈಗೆ ಕೊಟ್ಟರೆ ಅದಕ್ಕಿಂತ ದೊಡ್ಡ ಬಹುಮಾನವಿಲ್ಲ ಎಂದು ಮುಗಿಸುತ್ತೇನೆ. ಚಪ್ಪಾಳೆ ಚೆನ್ನಾಗಿ ಬೀಳುತ್ತದೆ.

ಗಡ್ಡೆ ನನ್ನ ಜೊತೆ ಶಹಾಬಾದಕ್ಕೆ ಬಂತು, ಮದುವೆಯಾದ ಮೇಲೆ ಸೇಡಂಗೆ ಬಂತು, ಬಾಡಿಗೆ ಮನೆಯಿಂದ ಸ್ವಂತ ಮನೆಗೆ ಬಂತು. ಎಲ್ಲಿ ಹಚ್ಚಿದರೂ ಹತ್ತಿತು. ಅದು ನನ್ನ ಕೈಗುಣವಲ್ಲ ಎಂಬ ಅನುಮಾನ ನನಗೆ ಆಗ ಬರಲಿಲ್ಲ. ಹೊಸ ಮನೆಯಲ್ಲಿ ಅದು ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಇತ್ತು. ಆಮೇಲೆ ನಮ್ಮ ಓಣಿಯಲ್ಲಿ ಅಂಗಳಕ್ಕೆ ಫರಸಿಗಲ್ಲು ಹಾಸಿಸುವ ಚಾಳಿ ಶುರುವಾಯಿತು. ಶಹಾಬಾದಿ ಕಲ್ಲು ಇಲ್ಲಿಯೇ ಪಕ್ಕದಲ್ಲಿ ಸಿಗುವಾಗ ಮಣ್ಣು ತುಳಿಯುವವರು ಯಾರು? ಎಲ್ಲರ ಅಂಗಳವೂ ಕನ್ನಡಿಯಾದ ಮೇಲೆ ನಮ್ಮದೊಂದು ಕೆಸರು ಕಾಣತೊಡಗಿತು. ಹಾಕಿಸಿದೆವು. ಕೆಲಸ ಶುರುವಾಗುವ ಮೊದಲು ಗಡ್ಡೆ ತೆಗೆದು ಕುಂಡದಲ್ಲಿಡಬೇಕೆಂದು ನಾನೇ ಹೇಳಿದ್ದೆ, ನಾನೇ ಮರೆತೆ. ಶಾಲೆಯಿಂದ ಬಂದು ನೋಡಿದರೆ ಅಂಗಳದ ತುಂಬ ನೀಲಿ ಬೂದು ಕಲ್ಲು, ಗಿಡವಿದ್ದ ಜಾಗದ ಮೇಲೂ ಒಂದು. ಯಜಮಾನರೆದುರು, ಕೆಲಸದವರಿಗೆ ಇಷ್ಟೂ ತಿಳಿಯಬಾರದೇ ಎಂದು ಕೂಗಾಡಿದೆ. ಬಹಳ ವರ್ಷ ಹಾಗೆಯೇ ಹೇಳಿಕೊಂಡು ಬಂದೆ. ನಿಜವನ್ನು ಬರೆದು ಒಪ್ಪಿಕೊಳ್ಳುತ್ತಿರುವುದು ಇದೇ ಮೊದಲು.

ಫರಸಿಯ ಮೇಲೆ ನನಗೆ ಕ್ರಮೇಣ ವಿಪರೀತ ಪ್ರೀತಿ ಬಂತು. ಕಲ್ಲುಗಳ ಸಂದಿಯಲ್ಲಿ ಹುಲ್ಲೆಸಳು ಕಂಡರೂ ಸಹಿಸುತ್ತಿರಲಿಲ್ಲ. ಭಾಂಡೆ ತಿಕ್ಕಲು ಬರುವ ನಾಗಮ್ಮನಿಗೆ, ಸಂದಿಯಲ್ಲಿ ಏನೇ ತಲೆ ಎತ್ತಿದರೂ ಕಿತ್ತುಬಿಡು, ನನ್ನನ್ನು ಕೇಳಬೇಡ ಎಂದು ಹುಕುಂ ಮಾಡಿದ್ದೆ. ಮೂರು ವರ್ಷದ ಹಿಂದೆ ಒಗೆಯುವ ಕಲ್ಲಿನ ಪಕ್ಕದ ಫರಸಿಯೊಂದು ಒಂದು ಬದಿಗೆ ಎದ್ದು ನಿಂತಿತು. ನಾನು ಎಡವಿ ಹೆಬ್ಬೆರಳು ಒಡೆದುಕೊಂಡು, ಕಲ್ಲು ಹಾಸಿದ ಗೌಂಡಿಯನ್ನು ಕರೆಸಿ ಚೆನ್ನಾಗಿ ಝಾಡಿಸಿದೆ. ಅವನು, ಕಲ್ಲು ತಾನಾಗಿ ಏಳುವುದಿಲ್ಲ ಬಾಯಾರ, ಕೆಳಗೆ ಏನೋ ಇರಬೇಕು ಎಂದ. ಕುಣಿಯಲು ಬಾರದವಳು ನೆಲ ಡೊಂಕು ಅಂದಳಂತೆ ಎಂದು ನಾನು ಗಾದೆ ಹೇಳಿದೆ. ಅವನು ಮುನಿಸಿಕೊಂಡು ಹೋದ. ಮಾರನೆಯ ದಿನ ನಾಗಮ್ಮನೇ ತನ್ನ ಗಂಡನ ಹಾರೆ ತಂದು ಕಲ್ಲನ್ನು ಸಮ ಮಾಡಿದಳು. ನಾನು ಪರೀಕ್ಷೆಯ ಪೇಪರು ತಿದ್ದುತ್ತಿದ್ದೆ. ಅವಳು ಬಾಗಿಲಲ್ಲಿ ನಿಂತು ಏನೇನೋ ಹೇಳಿದಳು, ನಾನು ಎಲ್ಲದಕ್ಕೂ ಹ್ಞೂಂ ಎಂದೆ.

ಹೀಗಿರುವಾಗ ಈ ವರ್ಷ ಮಳೆ ಹಿಡಿಯುವ ಹೊತ್ತಿಗೆ ಶಮೀಮಳ ಫೋನು ಬಂತು. ಅವಳನ್ನು ಕೊಟ್ಟಿದ್ದು ಚಿಂಚೋಳಿಗೆ. ಸೇಡಂನಿಂದ ಬಸ್ಸು ಹತ್ತಿದರೆ ಒಂದು ನಿದ್ದೆ ಮುಗಿಯುವುದರೊಳಗೆ ಚಿಂಚೋಳಿ. ಆದರೂ ನಾವು ಮುಖ ನೋಡಿ ಎಷ್ಟೋ ವರ್ಷಗಳಾಗಿದ್ದವು. ಹತ್ತಿರವಿದ್ದೇವಲ್ಲ, ಯಾವಾಗ ಬೇಕಾದರೂ ಹೋಗಬಹುದು ಎಂಬ ಧೈರ್ಯವೇ ಹೋಗದಂತೆ ಮಾಡುತ್ತದೆ. ಖಾಲಾ ಕಳೆದ ಚಳಿಗಾಲದಲ್ಲಿ ತೀರಿಕೊಂಡಿದ್ದರು. ನಾನು ಫೋನಿನಲ್ಲಿ ಅತ್ತಿದ್ದೆ, ಹೋಗಿರಲಿಲ್ಲ. ಶಮೀಮ್ ಆ ಮಾತು ಎತ್ತಲಿಲ್ಲ. ವಾಡಿಯ ಹಳೆಯ ಕ್ವಾರ್ಟರ್ಸಿನ ಸಾಲನ್ನು ಕೆಡವಿದರಂತೆ, ಅವಳು ಹೋಗಿ ನೋಡಿ ಬಂದಳಂತೆ, ಅಲ್ಲೀಗ ಬರೀ ಕಲ್ಲು ಖಡಿಯ ರಾಶಿಯಂತೆ. ಆಮೇಲೆ ಕೇಳಿದಳು.

“ವನೂ, ಅಮ್ಮಿ ಕೊಟ್ಟಿದ್ದ ಆಧಾ ಆಧಾ ನಿನ್ ಹತ್ರ ಇನ್ನಾ ಅದೇನ?”

ಅವಳ ದನಿಯಲ್ಲಿ ಏನಿತ್ತೋ. ಇಲ್ಲ ಎನ್ನಲು ಬಾಯಿ ಬರಲಿಲ್ಲ. ಅದ, ಭಾಳ ಚೆಂದ ಅದ, ಅಂಗಳದ ತುಂಬ ಅದ ಎಂದೆ. ಒಂದು ಸುಳ್ಳು ಸಾಕಾಗಿತ್ತು, ಮೂರು ಹೇಳಿದೆ. ಎರಡು ತಿಂಗಳು ಬಿಟ್ಟು ಸೇಡಂನಲ್ಲಿ ಒಂದು ಮದುವೆಗೆ ಬರುವುದಿದೆ, ಆವಾಗ ಬಂದು ಒಂದು ಗಡ್ಡೆ ಒಯ್ಯುತ್ತೇನೆ, ಅಮ್ಮಿಯದು ಅಂತ ಉಳಿದದ್ದು ಈಗ ಅದೊಂದೇ ಎಂದು ಹೇಳಿ ಅವಳು ಫೋನಿಟ್ಟಳು. ನಾನು ಫರಸಿಯ ಮೇಲೆ ನಿಂತಿದ್ದೆ. ಸರಿಯಾಗಿ ಆ ಕಲ್ಲಿನ ಮೇಲೆಯೇ.

ನಾನು ಮಾಡಿದ ಲೆಕ್ಕಾಚಾರ ಇಷ್ಟು. ಎರಡು ತಿಂಗಳು ಸಮಯವಿದೆ. ಗುಲಬಾಕ್ಷಿ ಹಟ ಹಿಡಿದು ಬೆಳೆಯುವ ಗಿಡ. ಎಲ್ಲಿಂದಾದರೂ ಒಂದು ತಂದು ಬೆಳೆಸಿ ಅವಳ ಕೈಗಿಡುವುದು. ಗುಲಬಾಕ್ಷಿ ಯಾರ ಮನೆಯದಾದರೂ ಗುಲಬಾಕ್ಷಿಯೇ ಅಲ್ಲವೇ? ಅಲ್ಲವೆಂದು ಒಳಗೆ ಗೊತ್ತಿತ್ತು, ಆದರೆ ಗೊತ್ತಿದ್ದನ್ನೆಲ್ಲ ಕೇಳುತ್ತ ಕುಳಿತರೆ ಸಂಸಾರ ನಡೆಯುವುದಿಲ್ಲ. ಮೊದಲು ನರ್ಸರಿಗೆ ಹೋದೆ. ಅಲ್ಲಿಯವನು ತೆಲುಗು ಕಡೆಯವನು. ಗುಲಬಾಕ್ಷಿ ಎಂದರೆ ಗುಲಾಬಿ ತಂದ. ಚಂದ್ರಕಾಂತ ಎಂದು ಬಿಡಿಸಿ ಹೇಳಿದ ಮೇಲೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಅದನ್ನು ಯಾರೂ ಕೊಳ್ಳುವುದಿಲ್ಲಮ್ಮಾ, ಅದು ತಾನೇ ಬರುತ್ತದೆ ಎಂದ. ಕುರಕುಂಟಾದಿಂದ ದಿನಾ ಓಡಾಡುವ ನಮ್ಮ ಗಣಿತದ ಮಾಸ್ತರರು ಊರಿನಿಂದ ಒಂದು ಹಿಡಿ ಬೀಜ ತಂದುಕೊಟ್ಟರು. ಅರ್ಧ ಬೀಜ ಕುಂಡದಲ್ಲಿ ಹಾಕಿದೆ. ದಿನಕ್ಕೆ ಮೂರು ಸಲ ನೀರು, ಎರಡು ದಿನಕ್ಕೊಮ್ಮೆ ಸಗಣಿ ನೀರು, ಮೊಬೈಲಿನಲ್ಲಿ ಯಾರೋ ಹೇಳಿದರೆಂದು ಬೆಲ್ಲದ ನೀರು. ಮೊಳಕೆ ಬಂದವು. ಬಂದ ಸಂತೋಷಕ್ಕೆ ಇನ್ನಷ್ಟು ನೀರು ಹಾಕಿದೆ. ನಾಲ್ಕೇ ದಿನದಲ್ಲಿ ಬುಡ ಕೊಳೆತು ಎಲ್ಲವೂ ಅಡ್ಡ ಬಿದ್ದವು. ಗಣಿತದ ಮಾಸ್ತರರು ಆ ಸುದ್ದಿ ಕೇಳಿ, ನಮ್ಮೂರಲ್ಲಿ ಈ ಗಿಡವನ್ನು ನಾಶ ಮಾಡುವುದು ಹೇಗೆಂದು ಜನ ಕೇಳುತ್ತಾರೆ, ನಿಮ್ಮನ್ನು ಒಮ್ಮೆ ಕರೆದುಕೊಂಡು ಹೋಗಬೇಕು ಎಂದರು.

ಉಳಿದರ್ಧ ಬೀಜವನ್ನು ಜೋಪಾನವಾಗಿ ಒಂದು ಸಣ್ಣ ಡಬ್ಬಿಯಲ್ಲಿ ಹಾಕಿ ಅಡಿಗೆಮನೆಯ ಗೋಡೆಗೂಡಿನಲ್ಲಿ ಇಟ್ಟಿದ್ದೆ. ನಮ್ಮ ಯಜಮಾನರು ನಿವೃತ್ತರಾದ ಮೇಲೆ ಭಾನುವಾರ ಸಾರು ತಾವೇ ಮಾಡುತ್ತಾರೆ, ಮಾಡುವಾಗ ಯಾರೂ ಒಳಗೆ ಬರಬಾರದು. ಆ ಭಾನುವಾರ ಒಳಗಿನಿಂದ ಕುಟ್ಟುವ ಸದ್ದು ಕೇಳುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ ಕುಟ್ಟಾಣಿ ಹಿಡಿದುಕೊಂಡೇ ಹೊರಬಂದು, ಈಗಿನ ಮೆಣಸಿನಲ್ಲಿ ಏನೂ ಉಳಿದಿಲ್ಲ, ವಾಸನೆಯಿಲ್ಲ, ಒಳಗೆಲ್ಲ ಬರೀ ಹಿಟ್ಟು, ಕಲಬೆರಕೆ ಇಷ್ಟಕ್ಕೆ ಬಂತು ನೋಡು ಎಂದು ತೋರಿಸಿದರು. ನಾನು ಬಗ್ಗಿ ನೋಡಿದೆ. ನಮ್ಮ ಬಾಲ್ಯದ ಪೌಡರು! ಅದು ಹೊಟ್ಟೆಗೆ ಹೋಗಬಾರದ ಬೀಜವೆಂದು ಕೂಗಿ ಕುಟ್ಟಾಣಿಯನ್ನು ಕಸಿದುಕೊಂಡೆ. ಆ ದಿನ ಸಾರು ಆಗಲಿಲ್ಲ. ಅನ್ನ ಮಜ್ಜಿಗೆ ಉಣ್ಣುತ್ತ ಅವರು, ನಿನ್ನ ಕೈಯಿಂದ ಇಷ್ಟು ದಿನ ಗಿಡಗಳಷ್ಟೇ ಹೋಗುತ್ತಿದ್ದವು ಎಂದರು. ಜಗಳವಾಡದ ಗಂಡಸರು ಇಂಥ ಮಾತುಗಳನ್ನು ಕೂಡಿಟ್ಟುಕೊಂಡಿರುತ್ತಾರೆ.

ಶಮೀಮ್ ಬರಲು ಎರಡೇ ದಿನ ಉಳಿದಾಗ ನಾನು ಮಾನ ಬಿಟ್ಟು ಮನೆಯ ಹಿಂದಿನ ಸಂದಿಗೆ ಹೋದೆ. ನಮ್ಮ ಕಂಪೌಂಡಿನ ಆಚೆ ಗಟಾರ ಹರಿಯುವ ಜಾಗ, ಮೂಗು ಮುಚ್ಚದೆ ಯಾರೂ ಹೋಗುವುದಿಲ್ಲ. ಅಲ್ಲಿ ಗೋಡೆಗೆ ಒತ್ತಿಕೊಂಡು ಒಂದು ಗುಲಬಾಕ್ಷಿ ಇತ್ತು. ಗಟಾರ ಬಳಿಯುವವರು ಹದಿನೈದು ದಿನದ ಹಿಂದೆ ಅದನ್ನು ಬುಡಕ್ಕೆ ಸವರಿ ಹೋಗಿದ್ದರೂ ಮತ್ತೆ ಚಿಗುರಿ ಮೊಗ್ಗು ಬಿಡುವುದರಲ್ಲಿತ್ತು. ಬಣ್ಣ ಯಾವುದೋ ಯಾರಿಗೆ ಗೊತ್ತು. ಹೈಸ್ಕೂಲಿನ ಬಾಯಿ ಸೀರೆ ಎತ್ತಿ ಕಟ್ಟಿ, ಕುಕ್ಕರುಗಾಲಿನಲ್ಲಿ ಕುಳಿತು, ಖುರ್ಪಿಯಿಂದ ಗಟಾರದ ದಂಡೆ ಅಗೆಯುವುದನ್ನು ನೋಡಿದವರು ಏನೆಂದುಕೊಂಡರೋ. ಗಡ್ಡೆ ತೊಡೆಯಷ್ಟು ದಪ್ಪ ಎಂದರೆ ನೀವು ನಂಬುವುದಿಲ್ಲ, ಮಣಿಕಟ್ಟಿಗಿಂತ ದಪ್ಪವಿದ್ದದ್ದು ನಿಜ. ಒಂದು ಹಳೆಯ ಬಕೆಟ್ಟಿನಲ್ಲಿ ಅದನ್ನು ನಿಲ್ಲಿಸಿ, ಗಟಾರದ ಗುರುತು ಹೋಗುವಂತೆ ಎಲೆಗಳನ್ನು ಒರೆಸಿ ಅಂಗಳದಲ್ಲಿಟ್ಟೆ. ಯಜಮಾನರು ನೀರಿನ ತಂಬಿಗೆಯನ್ನು ಬಚ್ಚಿಟ್ಟರು.

ಶಮೀಮ್ ಮದುವೆ ಮುಗಿಸಿಕೊಂಡು ಮಧ್ಯಾಹ್ನ ಬಂದಳು. ಕೂದಲು ಬೆಳ್ಳಗಾಗಿತ್ತು, ಮೊಣಕಾಲು ಹಿಡಿದುಕೊಂಡು ಮೆಟ್ಟಿಲು ಹತ್ತಿದಳು. ನಗು ಮಾತ್ರ ಬೆಂಚಿನ ಮೇಲೆ ಪಕ್ಕದಲ್ಲಿ ಕುಳಿತವಳದೇ. ಚಪ್ಪಲಿ ಬಿಟ್ಟವಳೇ ಗಿಡವೆಲ್ಲಿ ಎಂದಳು. ಅಂಗಳದ ತುಂಬ ಇದೆ ಎಂದಿದ್ದ ಗಿಡ ಒಂದು ಬಕೆಟ್ಟಿನಲ್ಲಿ ಇರುವುದನ್ನು ನೋಡಿಯೂ ಅದರ ಮುಂದೆ ಕುಳಿತು ಎಲೆ ಸವರಿದಳು. ಮೊಗ್ಗೆಲ್ಲ ಮುಚ್ಚಿದ್ದವು. ಹಗಲು ಅರಳದಂತೆ ಗುಲಬಾಕ್ಷಿಯನ್ನು ಮಾಡಿದ ದೇವರನ್ನು ನಾನು ಮನಸ್ಸಿನಲ್ಲೇ ನೆನೆದೆ. ನಾಲ್ಕೂವರೆಗೆ ಚಿಂಚೋಳಿ ಬಸ್ಸು, ಹೂವು ಅರಳುವುದು ಐದರ ಮೇಲೆ. ಬಕೆಟ್ಟಿನ ಸಮೇತ ಅವಳನ್ನು ನಾಲ್ಕೂವರೆಗೆ ಹತ್ತಿಸಿಬಿಟ್ಟರೆ ಮುಗಿಯಿತು. ಗಟಾರದ ಗಿಡ ಸಾಮಾನ್ಯವಾಗಿ ಬರೀ ರಾಣಿ ಬಣ್ಣದ್ದು. ಮನೆಗೆ ಹೋದ ಮೇಲೆ ಅದು ಅರಳಿದರೆ ಮಣ್ಣು ಬದಲಾಯಿತು, ನೀರು ಬದಲಾಯಿತು ಎಂದು ಫೋನಿನಲ್ಲಿ ಹೇಳಬಹುದು.

ಊಟಕ್ಕೆ ರೊಟ್ಟಿ, ಶೇಂಗಾ ಹಿಂಡಿ, ಬೇಳೆ. ವಾಡಿಯ ಮಾತುಗಳು ಒಂದರ ಹಿಂದೊಂದು ಬಂದವು. ನಾನು ನಗುತ್ತಿದ್ದೆ, ಕಣ್ಣು ಗಡಿಯಾರದ ಮೇಲಿತ್ತು. ಮೂರೂವರೆಗೆ ಚೀಲ ಹೊಂದಿಸಲೇನು ಎಂದೆ. ಅವಳು ಆರಾಮಾಗಿ ಕಾಲು ಚಾಚಿ, “ಅರಳೂದು ನೋಡೇ ಹೋಗ್ತೀನಿ, ಅದಕ್ಕೇ ಬಂದೀನಿ” ಎಂದಳು. ಬಸ್ಸು ತಪ್ಪುತ್ತದೆ ಎಂದೆ. ಆಗ ನಮ್ಮ ಯಜಮಾನರು, ಜೀವಮಾನದಲ್ಲಿ ಯಾವ ಮಾತಿಗೂ ಅಡ್ಡ ಬಾರದವರು, ಪೇಪರು ಕೆಳಗಿಳಿಸಿ ಆರೂವರೆಗೆ ಇನ್ನೊಂದು ಬಸ್ಸಿದೆ ಎಂದು ತಿಳಿಸಿದರು.

ಆಮೇಲೆ ನಾನು ಮಾಡಿದ್ದನ್ನು ಹೇಳಲು ನಾಚಿಕೆಯಾಗುತ್ತದೆ. ಹೂವಿಗೆ ಕತ್ತಲೆಯ ಭ್ರಮೆ ಹುಟ್ಟಿಸಲು ಬುಟ್ಟಿ ಮುಚ್ಚುತ್ತಿದ್ದವಳು ಈಗ ಬಕೆಟ್ಟನ್ನು ಗೋಡೆಯ ನೆರಳಿನಿಂದ ಬಿಸಿಲಿಗೆ ಎಳೆದೆ, ಇನ್ನೂ ಮಧ್ಯಾಹ್ನವೇ ಎಂದು ಅದು ನಂಬಲಿ ಎಂದು. ನೆರಳು ಸರಿದಂತೆಲ್ಲ ನಾನೂ ಸರಿಸಿದೆ. ಶಮೀಮ್ ಕಟ್ಟೆಯ ಮೇಲೆ ಕುಳಿತು ನೋಡುತ್ತಿದ್ದಳು. ಗಿಡವನ್ನು ಇಷ್ಟು ಕಾಳಜಿಯಿಂದ ನೋಡಿಕೊಳ್ಳುತ್ತೀಯಾ ವನೂ ಎಂದಳು. ನನಗೆ ಅಳು ಬಂತು. ಐವತ್ತೇಳು ವರ್ಷದ ನಾನು, ತಾಯಿ ಸತ್ತ ಗೆಳತಿಗೆ ಗಟಾರದ ಗಿಡ ಕೊಟ್ಟು ಕಳಿಸಲು ಹೊರಟಿದ್ದೆ. ಹೇಳಿಬಿಡಬೇಕೆಂದು ಬಾಯಿ ತೆರೆದೆ. ಚಹಾ ಮಾಡಲೇನು ಎಂದು ಹೊರಬಂತು.

ಚಹಾ ತರುವಷ್ಟರಲ್ಲಿ ಮೊದಲ ಮೊಗ್ಗು ಬಿಚ್ಚುತ್ತಿತ್ತು. ನಾನು ಕಪ್ಪು ಹಿಡಿದುಕೊಂಡು ನಿಂತೇ ಇದ್ದೆ. ಅದು ಹಳದಿ. ಇರಲಿ, ಗಟಾರದಲ್ಲಿ ಹಳದಿಯೂ ಇರುತ್ತದೆ. ಎರಡನೆಯದು ರಾಣಿ. ಮೂರನೆಯದು ನಿಧಾನವಾಗಿ, ನಮ್ಮ ತಾಳ್ಮೆ ನೋಡುವಂತೆ ನಿಧಾನವಾಗಿ ಬಿಚ್ಚಿಕೊಂಡಿತು. ಅರ್ಧ ಹಳದಿ, ಅರ್ಧ ರಾಣಿ. ಶಮೀಮ್ ದುಪಟ್ಟಾದ ಅಂಚು ಬಾಯಿಗೆ ಒತ್ತಿಕೊಂಡು ಅತ್ತಳು. “ಅಮ್ಮಿ ಬಂದಂಗಾತು ವನೂ” ಎಂದಳು. ನಿನ್ನಷ್ಟು ಜತನ ಯಾರೂ ಮಾಡುತ್ತಿರಲಿಲ್ಲ ಎಂದು ನನ್ನ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡಳು. ನನಗೆ ಏನೂ ಅರ್ಥವಾಗಲಿಲ್ಲ. ಅರ್ಥವಾಗದಿದ್ದರೂ ಹೊಗಳಿಕೆ ಸ್ವೀಕರಿಸುವ ಮುಖ ಮಾಡಲು ನನಗೆ ಬರುತ್ತದೆ, ಮಾಡಿದೆ.

ಆ ಮುಖ ಬಹಳ ಹೊತ್ತು ಉಳಿಯಲಿಲ್ಲ. ಸಂಜೆಯ ಭಾಂಡೆಗೆ ನಾಗಮ್ಮ ಬಂದಳು, ಬಕೆಟ್ಟಿನ ಮುಂದೆ ನಿಂತಳು, ಸೊಂಟದ ಮೇಲೆ ಕೈಯಿಟ್ಟಳು.

“ಇದನ್ನ ಮತ್ಯಾಕ ಒಳಗ ತಂದೀರಿ ಬಾಯಾರ? ಆ ಕಲ್ಲಿನ ಬುಡಕ ಇದ್ದ ಗಡ್ಡಿ ಅಲ್ಲೇನ್ರಿ ಇದು? ಹಾರಿಲೆ ಅಗದು ಗ್ವಾಡಿ ಆಚಿಗಿ ಒಗದಿದ್ನಲ್ಲ. ಒಗೀಲೇನ್ರಿ ಅಂತ ಕೇಳಿದ್ನಿ, ನೀವೇ ಹ್ಞೂಂ ಅಂದ್ರಿ. ಅದಕ್ಕೂ ಮುಂಚಿ ವರ್ಷಾ ಸಂದ್ಯಾಗ ಬರ್ತಿತ್ತು, ವರ್ಷಾ ಕೀಳ್ತಿದ್ನಿ.”

ಯಜಮಾನರು ಪೇಪರನ್ನು ಮುಖದ ಮಟ್ಟಕ್ಕೆ ಏರಿಸಿದರು, ಪೇಪರು ಅಲುಗಾಡುತ್ತಿತ್ತು. ಇನ್ನು ಮುಚ್ಚಿಡಲು ಏನೂ ಉಳಿದಿರಲಿಲ್ಲ, ನಾನು ಎಲ್ಲವನ್ನೂ ಒಪ್ಪಿಕೊಂಡೆ. ಫರಸಿ, ಮರೆವು, ಫೋನಿನ ಸುಳ್ಳು, ಬೆಲ್ಲದ ನೀರು, ಮೆಣಸು, ಗಟಾರ. ಖಾಲಾ ಹೋದಾಗ ಬರದೇ ಇದ್ದುದನ್ನೂ ಒಪ್ಪಿಕೊಂಡೆ, ಅದನ್ನು ಅವಳು ಕೇಳಿರಲಿಲ್ಲ. ಖಾಲಾ ನನ್ನೊಬ್ಬಳನ್ನೇ ನಂಬಿ ಕೈಗೆ ಕೊಟ್ಟ ಗಿಡವನ್ನು ಹೀಗೆ ಮಾಡಿದೆನಲ್ಲ ಎಂದು ಕೊನೆಗೆ ಅತ್ತೆ. ಶಮೀಮ್ ನಗತೊಡಗಿದಳು. ನಕ್ಕು ನಕ್ಕು ಮೊಣಕಾಲು ಹಿಡಿದುಕೊಂಡಳು.

“ನಂಬಿ ಕೊಟ್ಟಳು ಅಂತ ಯಾರ್ ಹೇಳಿದ್ರು? ಆವತ್ತು ನಾ ಅಮ್ಮಿಗಿ ನಿನಗ ಗುಲಾಬಿ ಕೊಡು ಅಂತ ಹಟಾ ಮಾಡಿದ್ದೆ. ಅಮ್ಮಿ ಏನಂದಳು ಗೊತ್ತೇನ? ಆ ಹುಡುಗಿ ಕೈಯಾಗ ಗುಲಾಬಿ ಎಂಟು ದಿನಾ ಉಳಿಯಂಗಿಲ್ಲ. ಇದನ್ನ ಕೊಡ್ತೀನಿ ತಡಿ, ಇದನ್ನ ಆಕಿ ಕೊಲ್ಲಬೇಕಂದ್ರೂ ಸಾಯಂಗಿಲ್ಲ, ಅಂದಳು.”

ನಲವತ್ತು ವರ್ಷದ ಹೆಮ್ಮೆ ಹೀಗೆ ಫರಸಿಯ ಮೇಲೆ ಬಿತ್ತು. ಆದರೆ ನಿಜ ಹೇಳುತ್ತೇನೆ, ನನಗೆ ಆ ಕ್ಷಣದಲ್ಲಿ ಖಾಲಾ ಮೇಲೆ ಎಂದೂ ಇಲ್ಲದಷ್ಟು ಪ್ರೀತಿ ಉಕ್ಕಿತು. ನಮ್ಮ ಒಳ್ಳೆಯ ಗುಣ ನೋಡಿ ಕೊಡುವವರು ಬಹಳ ಮಂದಿ. ನಮ್ಮ ಕೈ ಎಂಥದೆಂದು ಚೆನ್ನಾಗಿ ತಿಳಿದೂ, ಅದಕ್ಕೆ ತಾಳುವಂಥದನ್ನೇ ಹುಡುಕಿ ಕೊಟ್ಟವರು ಅವರೊಬ್ಬರೇ. ಶಮೀಮ್ ಹೂವುಗಳನ್ನು ಬಿಡಿಸಿ, ದಾರವಿಲ್ಲದೆ, ಮಾತಾಡುತ್ತಲೇ ಒಂದು ಗೇಣು ದಂಡೆ ಹೆಣೆದಳು. ನನ್ನ ಬಿಳಿ ಜಡೆಗೆ ತಾನೇ ಮುಡಿಸಿದಳು. ಗಡ್ಡೆಯನ್ನು ಕುಡುಗೋಲಿನಿಂದ ಎರಡು ಭಾಗ ಮಾಡಿ, ಒಂದನ್ನು ಒದ್ದೆ ಅರಿವೆಯಲ್ಲಿ ಸುತ್ತಿಕೊಂಡು ಆರೂವರೆಯ ಬಸ್ಸು ಹತ್ತಿದಳು. ಆಧಾ ಆಧಾ.

ಈಗ ನನ್ನ ಪಾಲಿನ ಅರ್ಧ ಬಕೆಟ್ಟಿನಲ್ಲಿದೆ. ಅದರ ಆರೈಕೆಯನ್ನು ನಾನು ಪೂರ್ತಿ ಬಿಟ್ಟಿದ್ದೇನೆ, ಆದ್ದರಿಂದ ಬಹಳ ಚೆನ್ನಾಗಿದೆ. ಸಂಜೆ ಎರಡು ಮಾರು ದೂರದಲ್ಲಿ, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತು ನೋಡುತ್ತೇನೆ. ವನಮಹೋತ್ಸವದ ಭಾಷಣವನ್ನು ತಿದ್ದಬೇಕೆಂದಿದ್ದೇನೆ, ಚಪ್ಪಾಳೆ ನೆನೆದರೆ ಮನಸ್ಸು ಬರುತ್ತಿಲ್ಲ. ಮೊನ್ನೆ ಒಗೆಯುವ ಕಲ್ಲಿನ ಪಕ್ಕದ ಸಂದಿಯಲ್ಲಿ ಮತ್ತೆ ಎರಡು ಎಲೆ ಕಂಡವು. ಬೇರಿನ ತುಂಡೊಂದು ಕೆಳಗೆ ಉಳಿದಿರಬೇಕು. ನಾಗಮ್ಮನನ್ನು ಕರೆದು, ಇನ್ನು ಮೇಲೆ ನಾನು ಹೇಳದೆ ಈ ಅಂಗಳದಲ್ಲಿ ಏನನ್ನೂ ಕೀಳಬೇಡ ಎಂದು ಗಟ್ಟಿಯಾಗಿ ಹೇಳಿದೆ.

“ನೀವು ಹೇಳಿದ್ದಕ್ಕೇ ಕಿತ್ತಿದ್ನಿರಿ ಬಾಯಾರ” ಎಂದು ಅವಳು ಭಾಂಡೆ ತಿಕ್ಕಲು ಹೋದಳು.